ಟ್ವೀಟರ್ ಕೂರಿಸುವ ಜಾಗ ಯಾವುದು?

ಪ್ರಶ್ನೆ: ಕಾರಿನ ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್ ಹಾಕಿಸಿದ್ದೇನೆ. ಅದರ ಜತೆ ಬೇರೆಯಾಗಿ ಬಂದ ಟ್ವೀಟರ್‌ಗಳನ್ನು, ಅಂದರೆ ತಾರಸ್ವರ ನುಡಿಸುವ ಪುಟ್ಟ ಸ್ಪೀಕರ್‌ಗಳನ್ನು, ಡ್ಯಾಶ್‌ಬೋರ್ಡ್ ಮೇಲೆ ಗಾಜಿನತ್ತ ಮುಖ ಮಾಡಿ ಅಂಟಿಸಿದ್ದಾರೆ. ಹಾಡಿನ ಸ, ಶ ಕಿವಿಗೆ ಚುಚ್ಚುತ್ತವೆ. ಬಿಸಿಲಿಗೆ ಒಂದು ಕಿತ್ತೂ ಬಂತು. ಏನು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: ಮೊದಲು ಅವನ್ನು ಅಲ್ಲಿಂದ ತೆಗೆಸಿ. ಗಾಜಿಗೆ ಬಡಿದು ಬರುವ ಸದ್ದು ನೇರ ಸದ್ದಿನೊಂದಿಗೆ ಬೆರೆತು ಕರ್ಕಶವಾಗುತ್ತದೆ. ಹೊರಗೆ 40 ಡಿಗ್ರಿ ದಾಟುವ ನಿಮ್ಮೂರ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಇನ್ನೂ ಹೆಚ್ಚು ಕಾಯುತ್ತದೆ, ಟೇಪಿನ ಅಂಟು ನಿಲ್ಲುವುದಿಲ್ಲ.

ಸೈಡ್ ಮಿರರ್‌ನ ಒಳಬದಿಯ ತ್ರಿಕೋನ ಪ್ಲಾಸ್ಟಿಕ್ಕೇ ಒಳ್ಳೆಯ ಜಾಗ. ಬಾಗಿಲಿನ ಸ್ಪೀಕರ್‌ಗೆ ಹತ್ತಿರವಿರುವುದರಿಂದ ಗಾಯಕರ ದನಿ ಎರಡು ಕಡೆ ಹರಿದು ಹಂಚಿದಂತೆ ಕೇಳುವುದಿಲ್ಲ. ಕೆಲಸ ಕೆಟ್ಟರೂ ಆ ತುಂಡೊಂದನ್ನೇ ಬದಲಿಸಬಹುದು. ಎ-ಪಿಲ್ಲರ್‌ನಲ್ಲಿ, ಅಂದರೆ ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ, ಸದ್ದು ಇನ್ನೂ ಅಗಲವಾಗಿ ಹರಡುತ್ತದೆ, ನಿಜ. ಆದರೆ ಕರ್ಟನ್ ಏರ್‌ಬ್ಯಾಗ್ (ಅಪಘಾತದಲ್ಲಿ ಕಿಟಕಿಯ ಮೇಲಿಂದ ಪರದೆಯಂತೆ ಬಿಚ್ಚಿಕೊಳ್ಳುವ ಗಾಳಿಚೀಲ) ಇರುವ ಕಾರಿನಲ್ಲಿ ಅದಕ್ಕೆ ಡ್ರಿಲ್ ಹಾಕಲೇಬೇಡಿ.

ತೂತು ಕೊರೆಯುವ ಮುನ್ನ ಮಾಸ್ಕಿಂಗ್ ಟೇಪ್‌ನಿಂದ ಹಚ್ಚಿ, ಚಾಲಕನ ಸೀಟಿನಲ್ಲಿ ಕುಳಿತು ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಕೇಳಿ. ಎರಡರ ಮುಖವೂ ಮುಂದಿನ ಸೀಟುಗಳ ನಡುವಿನ ಜಾಗದತ್ತ ಇರಲಿ. ಚುಚ್ಚಿದರೆ ಕಿವಿಯ ನೇರದಿಂದ ಇನ್ನಷ್ಟು ಹೊರಳಿಸಿ. ಜಾಗ ಖಚಿತವಾದ ಮೇಲೆ ಸ್ಕ್ರೂ ಇರುವ ಕಪ್‌ನಲ್ಲೇ ಬಿಗಿಸಿ.

ತಗ್ಗು ಸ್ವರವನ್ನು ಬಾಗಿಲಿನ ಸ್ಪೀಕರ್‌ಗೆ, ತಾರಸ್ವರವನ್ನು ಟ್ವೀಟರ್‌ಗೆ ಹಂಚುವ, ಸೆಟ್ ಜತೆ ಬಂದ ಕ್ರಾಸ್‌ಓವರ್ ಪೆಟ್ಟಿಗೆ ಜೋಡಿಸಿದ್ದಾರೆಯೇ ನೋಡಿ. ಅದರಲ್ಲಿ ಟ್ವೀಟರ್ ಮಟ್ಟದ ಸ್ವಿಚ್ ಇದ್ದರೆ -3 ಡಿಬಿಗೆ ಇಳಿಸಿ. ಬರೀ ಕೆಪಾಸಿಟರ್ ಇದ್ದರೆ ಅದರ ಮೇಲಿನ ಅಂಕಿ ಓದಿ, ಯಾವ ಸ್ವರದಿಂದ ಕೆಳಗಿನ ಸದ್ದು ಟ್ವೀಟರ್‌ಗೆ ಕಡಿಮೆಯಾಗುತ್ತದೆ ಎಂದು ಅದರಿಂದ ತಿಳಿಯುತ್ತದೆ: 4 ಓಮ್ ಟ್ವೀಟರ್‌ಗೆ 10 ಮೈಕ್ರೋಫ್ಯಾರಡ್ ಎಂದರೆ ಸುಮಾರು 4 ಕಿಲೋಹರ್ಟ್ಜ್, 4.7 ಎಂದರೆ ಸುಮಾರು 8.5. ಇಷ್ಟಾದರೂ ದನಿ ತೆಳ್ಳಗೆ ಕೇಳಿದರೆ ಎರಡೂ ಟ್ವೀಟರ್‌ಗಳ ಪ್ಲಸ್, ಮೈನಸ್ ವೈರ್ ಅದಲುಬದಲು ಮಾಡಿ ಕೇಳಿ. ಯಾವುದರಲ್ಲಿ ದನಿ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.