ದೇವರಿಟ್ಟ ಹಾಗೆ ಆಗಲಿ ಅನ್ನುವ ಮುಂಚೆ

ಈ ಸಲ ಬಂದ ಮೂರು ಪತ್ರಗಳಲ್ಲಿ ಒಂದೇ ಮಾತಿತ್ತು, 'ದೇವರ ಇಚ್ಛೆ'. ಒಬ್ಬರಿಗೆ ಅದು ಅಪ್ಪನ ಬಾಯಿಂದ ಬಂದಿದೆ, ಇನ್ನೊಬ್ಬರಿಗೆ ನೆಂಟರಿಂದ, ಮತ್ತೊಬ್ಬರಿಗೆ ಅಣ್ಣನಿಂದ. ಹಾಗಾಗಿ ಮೂರನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಬಹಳ ಕಾಲದಿಂದ ಶುಗರ್ ಇತ್ತು, ಈಗ ಎರಡೂ ಕಿಡ್ನಿ ಕೆಟ್ಟಿವೆ. ಡಯಾಲಿಸಿಸ್ ಶುರು ಮಾಡಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಒಪ್ಪುತ್ತಿಲ್ಲ. 'ರಂಗನಾಥ ಕರೆದಾಗ ಹೋಗೋದು. ನಾನು ಅವನಿಗೆ ಶರಣಾಗಿದ್ದೀನಿ, ಮಿಷನ್‌ಗೆ ಅಲ್ಲ' ಅನ್ನುತ್ತಾರೆ. ಇದು ಭಕ್ತಿಯೋ, ಹಠವೋ? ನಾನು ಒತ್ತಾಯ ಮಾಡಿದರೆ ಅವರ ನಂಬಿಕೆಗೆ ಅಡ್ಡ ಬಂದ ಹಾಗಾಗುತ್ತದಾ? (ಹೆಸರು ಬೇಡ, ಮಂಡ್ಯ ಜಿಲ್ಲೆ)

ಉತ್ತರ: ತಂಗಿ, ನಿಮ್ಮ ತಂದೆ ರಂಗನಾಥನ ಹೆಸರು ಹೇಳಿದ್ದಾರೆ. ಹಾಗಾದರೆ ಅದೇ ರಂಗನಾಥನಿಗೆ ಶರಣಾಗಿ ಬದುಕಿದವರು ಕಷ್ಟ ಬಂದಾಗ ಏನು ಮಾಡಿದರು ಅಂತ ಮೊದಲು ನೋಡೋಣ. ಶರಣಾಗತಿಯ ಬಗ್ಗೆ ಶ್ರೀವೈಷ್ಣವರಷ್ಟು, ಅಂದರೆ ರಾಮಾನುಜರ ದಾರಿ ಹಿಡಿದವರಷ್ಟು, ಆಳವಾಗಿ ಯೋಚಿಸಿದವರು, ಜಗಳವನ್ನೂ ಆಡಿದವರು ಕಡಿಮೆ.

ಅವರಲ್ಲಿ ಎರಡು ಪಂಗಡ ಇರುವುದು ನಿಮಗೆ ಗೊತ್ತಿರಬಹುದು. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದಲ್ಲ, ಭಕ್ತನೂ ಹಾಗೆ ದೇವರನ್ನು ಹಿಡಿದುಕೊಳ್ಳಬೇಕು ಎಂದು ವಡಗಲೆಯವರು. ಇಲ್ಲ, ಬೆಕ್ಕಿನಮರಿ ಏನೂ ಮಾಡುವುದಿಲ್ಲ, ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ, ದೇವರೂ ಹಾಗೇ ಎಂದು ತೆಂಗಲೆಯವರು. ನಿಮ್ಮ ತಂದೆಯ ಮಾತು ಕೇಳಿದರೆ ಅವರು ಎರಡನೆಯ ಕಡೆ ಇದ್ದಾರೆ ಅನಿಸುತ್ತದೆ.

ಈಗ ಒಂದು ಘಟನೆ ಕೇಳಿ. 1323ರ ಸುಮಾರಿಗೆ ದೆಹಲಿಯ ಸೈನ್ಯ ರಂಗನಾಥನ ದೊಡ್ಡ ಗುಡಿ ಇರುವ ತಮಿಳುನಾಡಿನ ಶ್ರೀರಂಗದ ಮೇಲೆ ಬಂತು. ಆಗ ಅಲ್ಲಿದ್ದ ಹಿರಿಯರು ಪಿಳ್ಳೈ ಲೋಕಾಚಾರ್ಯರು, ಆ ಬೆಕ್ಕಿನಮರಿಯ ಮಾರ್ಗವನ್ನು ಗಟ್ಟಿಯಾಗಿ ಹೇಳಿದವರು. ದೇವರೇ ಎಲ್ಲ ನೋಡಿಕೊಳ್ಳುತ್ತಾನೆ ಎಂದು ಜೀವಮಾನವೆಲ್ಲ ಕಲಿಸಿದ ಅವರು ಆ ದಿನ ಕಣ್ಣು ಮುಚ್ಚಿ ಕೂರಲಿಲ್ಲ. ರಂಗನಾಥನ ಉತ್ಸವಮೂರ್ತಿಯನ್ನು ಎತ್ತಿಸಿಕೊಂಡು, ತುಂಬು ಮುಪ್ಪಿನಲ್ಲಿ, ಶಿಷ್ಯರ ಜೊತೆ ಕಾಡುದಾರಿ ಹಿಡಿದರು ಎಂದು ಸಂಪ್ರದಾಯ ಹೇಳುತ್ತದೆ. ಆ ಅಲೆದಾಟದಲ್ಲೇ ಮಧುರೈ ಹತ್ತಿರ ಅವರು ತೀರಿಕೊಂಡರು. ವಡಗಲೆಯವರ ಆಚಾರ್ಯ ವೇದಾಂತ ದೇಶಿಕರೂ ಆಗ ಅಲ್ಲೇ ಇದ್ದರು. ಅವರು ಒಂದು ಅಪರೂಪದ ತಾಳೆಗರಿ ಗ್ರಂಥವನ್ನೂ, ಅದನ್ನು ಬರೆದವರ ಪುಟ್ಟ ಮಕ್ಕಳನ್ನೂ ಉಳಿಸಿಕೊಂಡು ನಮ್ಮ ಕಡೆಗೇ ಬಂದರು. ಕೊಳ್ಳೇಗಾಲದ ಹತ್ತಿರದ ಸತ್ಯಗಾಲದಲ್ಲಿ ವರ್ಷಗಟ್ಟಲೆ ಇದ್ದರು. ಉತ್ಸವಮೂರ್ತಿ ಊರೂರು ಅಲೆದು 1371ರಲ್ಲಿ ವಿಜಯನಗರದ ಸೇನಾಪತಿ ಗೋಪಣ್ಣನ ಕೈಯಿಂದ ಮತ್ತೆ ಶ್ರೀರಂಗಕ್ಕೆ ಸೇರಿತು.

ಬೆಕ್ಕಿನಮರಿ ಅಂದವರೂ ನಡೆದರು, ಕೋತಿಮರಿ ಅಂದವರೂ ನಡೆದರು. ಯಾಕಂದರೆ ಅವರ ವಾದ ಇದ್ದದ್ದು ಮೋಕ್ಷದ ಬಗ್ಗೆ. ಕೊನೆಗೆ ನಮ್ಮನ್ನು ದಡ ಮುಟ್ಟಿಸುವುದು ಯಾರ ಕೆಲಸ ಎಂಬ ಬಗ್ಗೆ. ಮನೆಗೆ ಬೆಂಕಿ ಬಿದ್ದರೆ ನೀರು ಹಾಕಬೇಕೋ ಬೇಡವೋ ಎಂದು ಇಬ್ಬರೂ ಕೇಳಲಿಲ್ಲ.

ಇನ್ನೂ ಒಂದು ವಿಷಯ ನಿಮ್ಮ ತಂದೆಗೆ ಹೇಳಿ. ಶರಣಾಗತಿಗೆ ಆರು ಅಂಗ ಎಂದು ವಿಷ್ಣುವಿನ ಪೂಜೆ, ಉಪಾಸನೆ ಹೇಳುವ ಹಳೆಯ ಪಾಂಚರಾತ್ರ ಗ್ರಂಥಗಳು ಲೆಕ್ಕ ಹಾಕಿವೆ. ಮೊದಲನೆಯದು ದೇವರಿಗೆ ಒಪ್ಪುವಂತೆ ನಡೆಯುತ್ತೇನೆ ಎಂಬ ನಿರ್ಧಾರ. ಎರಡನೆಯದು ಅವನಿಗೆ ಒಪ್ಪದ್ದನ್ನು ಬಿಡುವುದು. ಕಾಪಾಡುತ್ತಾನೆ ಎಂಬ ನಂಬಿಕೆ, ಕಾಪಾಡು ಎಂಬ ಬೇಡಿಕೆ, ನನ್ನಿಂದ ಆಗದು ಎಂಬ ದೈನ್ಯ, ನನ್ನನ್ನೇ ಒಪ್ಪಿಸಿಬಿಡುವುದು ಇವೆಲ್ಲ ಆಮೇಲೆ ಬರುತ್ತವೆ. ಮೊದಲ ಎರಡೂ ನಾವು ಮಾಡಬೇಕಾದ ಕೆಲಸಗಳೇ, ಅಲ್ವಾ?

ಇಷ್ಟು ಹೇಳಿದ ಮೇಲೂ ನನಗೆ ಇನ್ನೊಂದು ಅನುಮಾನ ಇದೆ, ಇದನ್ನು ಸ್ವಲ್ಪ ಗಮನ ಇಟ್ಟು ಓದಿ. ನಮ್ಮ ಮನೆಗಳ ಗಂಡಸರು 'ದೇವರಿಟ್ಟ ಹಾಗೆ ಆಗಲಿ' ಅನ್ನುವಾಗ ಬಹಳ ಸಲ ಹೇಳಲಾಗದ ಬೇರೆ ಮಾತೊಂದು ಅದರ ಹಿಂದೆ ಇರುತ್ತದೆ. ದುಡ್ಡು ಎಲ್ಲಿಂದ ತರೋದು, ಮಗಳ ಮೇಲೆ ಸಾಲ ಹೊರಿಸೋದು ಹೇಗೆ, ವಾರಕ್ಕೆ ಎರಡು ಮೂರು ದಿನ ನನ್ನನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ, ಸೂಜಿ ಅಂದರೆ ಭಯ, ಪಕ್ಕದ ಮನೆಯವರು ಡಯಾಲಿಸಿಸ್ ಶುರು ಮಾಡಿದ ಮೇಲೇ ಹೋಗಿಬಿಟ್ಟರಲ್ಲ ಎಂಬ ನೆನಪು. ಇವುಗಳಲ್ಲಿ ಯಾವುದನ್ನೂ ಬಾಯಿಬಿಟ್ಟು ಹೇಳಲು ಸಂಕೋಚ, ದೇವರ ಹೆಸರು ಹೇಳಿದರೆ ಮರ್ಯಾದೆ ಉಳಿಯುತ್ತದೆ. ಹಾಗಾಗಿ ವಾದ ಮಾಡಬೇಡಿ. ಒಂದು ಸಂಜೆ ಪಕ್ಕದಲ್ಲಿ ಕೂತು 'ಅಪ್ಪ, ಖರ್ಚಿನ ಚಿಂತೆನಾ?' ಅಂತ ಸುಮ್ನೆ ಕೇಳಿ. ಖರ್ಚಿನದಾದರೆ ದಾರಿ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆ ತಂದಿತು, ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ಸೌಲಭ್ಯ ಇದೆ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ ವಿಚಾರಿಸಿ.

ಎಲ್ಲ ತಿಳಿದು, ಖರ್ಚಿಲ್ಲ, ಹೊರೆಯಲ್ಲ ಎಂಬುದೂ ಗೊತ್ತಾಗಿ, ಡಾಕ್ಟರ ಹತ್ತಿರ ಕೂತು ಮಾತಾಡಿದ ಮೇಲೂ 'ಬೇಡ, ನನಗೆ ಸಾಕು' ಅಂದರೆ? ಆಗ ಅದು ಅವರ ತೀರ್ಮಾನ, ಅವರ ದೇಹ. ನಿಮಗೆ ನೋವಾಗುತ್ತದೆ, ಆದರೂ ಬಲವಂತ ಮಾಡಬೇಡಿ. ನೋವು, ಉಸಿರಾಟದ ಕಷ್ಟ ಕಡಿಮೆ ಮಾಡುವ ಆರೈಕೆ ಬೇರೆಯೇ ಇದೆ, ಅದನ್ನು ಡಾಕ್ಟರ ಹತ್ತಿರ ಕೇಳಿ ಪಡೆಯಿರಿ. ಆದರೆ ಅಲ್ಲಿಯವರೆಗೆ, ಇನ್ನೂ ಏನೂ ವಿಚಾರಿಸದೆ, ಕೇಳದೆ, ಮೊದಲ ದಿನವೇ ಆಡುವ ಮಾತನ್ನು ಶರಣಾಗತಿ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಮಗ ಹೋಗಿ ಒಂದು ವರ್ಷ ಆಗುತ್ತಾ ಬಂತು. ಅವನಿಗೆ ಒಂಬತ್ತು ವರ್ಷ. ನಾವು ಚರ್ಚಿಗೆ ಹೋಗುವವರು. ಬಂದವರೆಲ್ಲ 'ದೇವರ ಚಿತ್ತ, ಒಪ್ಪಿಕೋ' ಅನ್ನುತ್ತಾರೆ. ನನಗೆ ಒಪ್ಪಲು ಆಗುತ್ತಿಲ್ಲ. ಪ್ರಾರ್ಥನೆಗೆ ಕೂತರೆ ಸಿಟ್ಟೇ ಬರುತ್ತದೆ. ನನ್ನ ವಿಶ್ವಾಸ ಹೋಗಿಬಿಟ್ಟಿತಾ? (ಒಬ್ಬ ತಾಯಿ, ಮಂಗಳೂರು)

ಉತ್ತರ: ಇಲ್ಲಮ್ಮ. ಹೋಗಿಲ್ಲ. ಸಿಟ್ಟು ಬರುವುದು ಎದುರಿಗೆ ಇದ್ದಾನೆ ಎಂದು ನಂಬಿದವನ ಮೇಲೆ ತಾನೇ.

ನಿಮ್ಮ ಬೈಬಲಿನಲ್ಲೇ ಯೋಬನ ಕಥೆ ಇದೆ. ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು, ಎಲ್ಲರೂ ಒಂದೇ ದಿನ ಹೋದರು. ಮೂವರು ಗೆಳೆಯರು ನೋಡಲು ಬಂದರು. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಬ್ಬರೂ ಒಂದು ಮಾತಾಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಆಮೇಲೆ ಬಾಯಿ ತೆರೆದು ದೇವರು ಯಾಕೆ ಹೀಗೆ ಮಾಡಿದ ಎಂದು ವಿವರಿಸಲು ಶುರು ಮಾಡಿದರು. ಯೋಬ ಮಾತ್ರ ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಹತ್ತಿರ ನ್ಯಾಯ ಕೇಳಿದ, ಅತ್ತ, ಕೂಗಾಡಿದ. ಕೊನೆಗೆ ದೇವರು ಮಾತಾಡುತ್ತಾನೆ. ಯೋಬನನ್ನೂ ಅವನು ಕಟುವಾಗಿ ಪ್ರಶ್ನೆ ಮಾಡುತ್ತಾನೆ, ನಿಜ. ಆದರೆ ಅವನ ಕೋಪ ಆ ಗೆಳೆಯರ ಮೇಲೆ. ನನ್ನ ಬಗ್ಗೆ ಯೋಬ ಆಡಿದಂತೆ ನೀವು ಸರಿಯಾಗಿ ಆಡಲಿಲ್ಲ ಎಂದು ಅವರಿಗೆ ಹೇಳುತ್ತಾನೆ. ಅವರಿಗಾಗಿ ಯೋಬನೇ ಪ್ರಾರ್ಥನೆ ಮಾಡಬೇಕಾಗುತ್ತದೆ.

'ದೇವರ ಚಿತ್ತ' ಎಂಬ ಮಾತನ್ನು ಒಬ್ಬ ಮನುಷ್ಯ ತನಗೆ ತಾನು ಹೇಳಿಕೊಳ್ಳಬಹುದು. ಇನ್ನೊಬ್ಬರ ಮಗು ಸತ್ತಾಗ ಹೋಗಿ ಹೇಳುವ ಮಾತು ಅದಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು 'ನಿನ್ನ ಚಿತ್ತದಂತೆ ಆಗಲಿ' ಅಂದಿದ್ದು ತಾನೇ, ತನ್ನ ಬಗ್ಗೆ. ಅದಕ್ಕೂ ಮುಂಚೆ 'ಈ ಪಾತ್ರೆ ನನ್ನಿಂದ ದೂರವಾಗಲಿ' ಎಂದು ಬೇಡಿಕೊಂಡಿದ್ದ, ಅದೂ ಒಂದೇ ಸಲ ಅಲ್ಲ. ನಮ್ಮ ಹರಿದಾಸರೂ ವಿಠಲನನ್ನು ಬೈದು ಹಾಡಿದ್ದಾರೆ, ಅದಕ್ಕೆ ನಿಂದಾಸ್ತುತಿ ಎಂಬ ಹೆಸರೇ ಇದೆ. ಬೈಯುವುದನ್ನೂ ನಮ್ಮ ಹಿರಿಯರು ಸ್ತುತಿಯ ಲೆಕ್ಕಕ್ಕೇ ಸೇರಿಸಿದ್ದಾರೆ ನೋಡಿ.

ಹಾಗಾಗಿ ಪ್ರಾರ್ಥನೆಗೆ ಕೂತು ಸಿಟ್ಟು ಬಂದರೆ ಆ ಸಿಟ್ಟನ್ನೇ ಹೇಳಿ. ಒಪ್ಪಿಕೊಳ್ಳಬೇಕು ಎಂಬ ಅವಸರ ನಿಮಗೆ ಬೇಡ, ವರ್ಷ ತುಂಬಿತು ಅಂತ ಲೆಕ್ಕ ಇಡುವವರ ಮಾತೂ ಬೇಡ. ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಮಾತ್ರ ದಯವಿಟ್ಟು ತಡ ಮಾಡಬೇಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೂ ನಿಮ್ಮ ವಿಶ್ವಾಸಕ್ಕೂ ಯಾವ ಜಗಳವೂ ಇಲ್ಲ.

ಪ್ರಶ್ನೆ: ತವರಿನ ಜಮೀನಿನಲ್ಲಿ ನನ್ನ ಪಾಲು ಕೇಳಿದ್ದಕ್ಕೆ ಅಣ್ಣ 'ದೇವರು ಕೊಟ್ಟಷ್ಟಕ್ಕೆ ತೃಪ್ತಿ ಪಡು, ಕೋರ್ಟಿಗೆ ಹೋಗೋದು ದೇವರಿಗೆ ಇಷ್ಟ ಆಗಲ್ಲ' ಅನ್ನುತ್ತಾನೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ನಾನು ದಿನಾ ಗೀತೆ ಓದುವವಳು. ಬಿಟ್ಟುಕೊಡುವುದೇ ಸರಿಯಾ? (ಓದುಗರು, ಹಾವೇರಿ)

ಉತ್ತರ: ದಿನಾ ಗೀತೆ ಓದುತ್ತೀರಿ ಅಂದಿರಿ, ಹಾಗಿದ್ದರೆ ಹದಿನೆಂಟನೇ ಅಧ್ಯಾಯ ತೆಗೆಯಿರಿ. ನನ್ನೊಬ್ಬನಿಗೆ ಶರಣಾಗು ಎಂದು ಕೃಷ್ಣ ಹೇಳುವುದು 66ನೇ ಶ್ಲೋಕದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 63ರಲ್ಲಿ, ಎಲ್ಲ ಹೇಳಿದ್ದೇನೆ, ಪೂರ್ತಿ ಯೋಚನೆ ಮಾಡಿ ನಿನಗೆ ಇಷ್ಟ ಬಂದ ಹಾಗೆ ಮಾಡು ಅನ್ನುತ್ತಾನೆ. ಶರಣಾಗು ಅನ್ನುವ ದೇವರೇ ಯೋಚನೆ ಮಾಡಲು ಬಿಟ್ಟಿದ್ದಾನೆ. ನಿಮ್ಮ ಅಣ್ಣ ಅಷ್ಟೂ ಬಿಡುತ್ತಿಲ್ಲ. ಆಮೇಲೆ 73ರಲ್ಲಿ ಅರ್ಜುನ ನೀನು ಹೇಳಿದಂತೆ ಮಾಡುತ್ತೇನೆ ಅನ್ನುತ್ತಾನೆ. ಅವನು ಮೊದಲ ಅಧ್ಯಾಯದಲ್ಲಿ ಎಲ್ಲ ಬಿಟ್ಟು ಕೂತಿದ್ದವನು, ಶರಣಾದ ಮೇಲೆ ಎದ್ದು ನಿಂತವನು.

ದೇವರಿಗೆ ಶರಣಾಗುವುದು ಬೇರೆ, ಅಣ್ಣನಿಗೆ ಶರಣಾಗುವುದು ಬೇರೆ. ಯಾರಾದರೂ ದೇವರ ಇಚ್ಛೆ ಏನೆಂದು ನಿಮಗೆ ತಿಳಿಸಿ ಹೇಳಿದಾಗ, ಅದರಿಂದ ಅವರಿಗೇ ಲಾಭ ಆಗುವ ಹಾಗಿದ್ದರೆ, ಒಂದು ಕ್ಷಣ ನಿಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಲ್ಲೇ, ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಬಂದಿತ್ತು.

ನಿಮ್ಮ ಪಾಲು ಗೊತ್ತಾದ ಮೇಲೆ, ಅಣ್ಣನಿಗೆ ಕಷ್ಟ ಇದೆ, ಪ್ರೀತಿಯಿಂದ ಬಿಡುತ್ತೇನೆ ಅನಿಸಿದರೆ ಬಿಡಿ, ಅದು ನಿಮ್ಮ ದೊಡ್ಡ ಮನಸ್ಸು. ಬೇಕು ಅನಿಸಿದರೆ ಕೇಳಿ, ಅದರಲ್ಲಿ ಪಾಪ ಏನೂ ಇಲ್ಲ. ಸದ್ಯಕ್ಕೆ ಆ ಪತ್ರಕ್ಕೆ ಸಹಿ ಹಾಕಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕಿನ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ, ಪಹಣಿ ಮತ್ತು ವಂಶವೃಕ್ಷ ತೆಗೆದುಕೊಂಡು ಹೋಗಿ, ಅಣ್ಣ ಕೊಟ್ಟ ಪತ್ರವನ್ನೂ ಅವರಿಗೆ ತೋರಿಸಿ.