ಪಿಸ್ತೂಲಿನ ಹಿಂದೆ ನಿಂತ ನೋಡುಗ

ಪ್ರಶ್ನೆ: ನಾನು ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿನಿ. 1974ರ ಜೇಮ್ಸ್ ಬಾಂಡ್ ಚಿತ್ರ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ನ ಪೋಸ್ಟರನ್ನು ಕೊಟ್ಟು, ಅದರಲ್ಲಿರುವ ಪ್ರಾತಿನಿಧ್ಯ (ಅಂದರೆ ಯಾರನ್ನು ಹೇಗೆ ತೋರಿಸಲಾಗಿದೆ ಎಂಬುದು) ಮತ್ತು ದೃಶ್ಯ ಸಂಕೇತಗಳನ್ನು ವಿಶ್ಲೇಷಿಸಿ ಬರೆಯಲು ತರಗತಿಯಲ್ಲಿ ಹೇಳಿದ್ದಾರೆ. ‘ಸ್ತ್ರೀಯರನ್ನು ಭೋಗವಸ್ತುವಾಗಿ ತೋರಿಸಲಾಗಿದೆ’ ಎಂದು ಒಂದು ವಾಕ್ಯ ಬರೆದ ಮೇಲೆ ನನಗೆ ಮುಂದೆ ಏನೂ ಹೊಳೆಯುತ್ತಿಲ್ಲ. ದಾರಿ ತೋರಿಸಬೇಕು.

ಉತ್ತರ: ನಿಮ್ಮ ವಾಕ್ಯ ಸುಳ್ಳಲ್ಲ, ಆದರೆ ಅದು ತೀರ್ಪು. ಸಾಕ್ಷಿಗಳ ವಿಚಾರಣೆಗೆ ಮೊದಲೇ ತೀರ್ಪು ಬರೆದಿಟ್ಟರೆ ಮುಂದೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಆ ವಾಕ್ಯವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಕಾಗದದ ಮೇಲೆ ಏನೇನಿದೆ, ಯಾವುದಕ್ಕೆ ಎಷ್ಟು ಜಾಗ ಸಿಕ್ಕಿದೆ, ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನು ಅರ್ಥ ಹಚ್ಚದೆ ಬರೆದುಕೊಳ್ಳಿ. ರಾಬರ್ಟ್ ಮೆಕ್‌ಗಿನ್ನಿಸ್ ಎಂಬ ಅಮೆರಿಕದ ಕಲಾವಿದ ಕುಂಚದಿಂದ ಬರೆದ ಚಿತ್ರ ಅದು, ಛಾಯಾಚಿತ್ರವಲ್ಲ. ಕ್ಯಾಮೆರಾದ ಮುಂದೆ ಆಕಸ್ಮಿಕವಾಗಿ ಏನಾದರೂ ಬಂದು ನಿಲ್ಲಬಹುದು, ಆದರೆ ಬರೆದ ಚಿತ್ರದಲ್ಲಿ ಹಾಗಾಗುವುದಿಲ್ಲ. ಅಲ್ಲಿರುವ ಪ್ರತಿಯೊಂದು ಕೈಯನ್ನೂ, ಪ್ರತಿಯೊಂದು ಕಿಡಿಯನ್ನೂ ಯಾರೋ ಬೇಕೆಂದೇ ಇರಿಸಿದ್ದಾರೆ. ಆದ್ದರಿಂದಲೇ ಇಂಥ ಪೋಸ್ಟರುಗಳು ವಿಶ್ಲೇಷಣೆಗೆ ಚೆನ್ನಾಗಿ ಒದಗುತ್ತವೆ.

ನಡುವೆ ಗಾಢ ಬಣ್ಣದ ಉಡುಪಿನಲ್ಲಿ, ಕೈಯಲ್ಲಿ ಪಿಸ್ತೂಲು ಹಿಡಿದು ನೆಟ್ಟಗೆ ನಿಂತ ಬಾಂಡ್. ಆ ಪಾತ್ರದಲ್ಲಿ ರೋಜರ್ ಮೂರ್‌ಗೆ ಇದು ಎರಡನೆಯ ಚಿತ್ರ. ಅವನ ಇಕ್ಕೆಲದಲ್ಲಿ ಬಿಕಿನಿ ತೊಟ್ಟ ಇಬ್ಬರು ಯುವತಿಯರು. ಹಿಂದೆ ಮುಂದೆ ಸ್ಫೋಟ, ಹೊಗೆ, ಒಂದು ವಿದ್ಯುತ್ ಸ್ಥಾವರ, ಕರಾಟೆಯ ಭಂಗಿಯಲ್ಲಿರುವ ಮತ್ತೊಬ್ಬ ಹೆಣ್ಣು. ಎಲ್ಲಕ್ಕಿಂತ ನಮಗೆ ಹತ್ತಿರದಲ್ಲಿ, ಕೆಳಭಾಗದಲ್ಲಿ, ಬಾಂಡ್‌ನತ್ತ ಗುರಿಯಿಟ್ಟ ಚಿನ್ನದ ಪಿಸ್ತೂಲು ಮತ್ತು 007 ಎಂಬ ಬಾಂಡ್‌ನ ಗುಪ್ತಸಂಖ್ಯೆ ಕೆತ್ತಿದ ಗುಂಡು.

ಕರಾವಳಿಯವರಾದ ನಿಮಗೆ ಇಂಥ ಸಂಕೇತಗಳನ್ನು ಓದುವುದು ಹೊಸ ವಿದ್ಯೆಯೇನಲ್ಲ. ಯಕ್ಷಗಾನದ ರಂಗಸ್ಥಳಕ್ಕೆ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿದ ವೇಷ ಬಂದರೆ ಅಭಿಮನ್ಯುವಿನಂಥ ಎಳೆಯ ವೀರನೆಂದೂ, ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿಯಿಟ್ಟ ಬಣ್ಣದ ವೇಷ ಬಂದರೆ ರಾಕ್ಷಸನೆಂದೂ ಭಾಗವತರು ಪದ ಎತ್ತುವ ಮೊದಲೇ ಪ್ರೇಕ್ಷಕರಿಗೆ ಗೊತ್ತಾಗುತ್ತದೆ. ಪೋಸ್ಟರು ನಂಬಿಕೊಂಡಿರುವುದೂ ನೋಡುಗನಲ್ಲಿ ಮೊದಲೇ ಇರುವ ಇಂಥ ತಿಳಿವಳಿಕೆಯನ್ನೇ. 1962ರಿಂದ ಅಲ್ಲಿಯವರೆಗೆ ಎಂಟು ಬಾಂಡ್ ಚಿತ್ರಗಳು ಬಂದಿದ್ದವು, ಇದು ಒಂಬತ್ತನೆಯದು. ಹೀಗಾಗಿ 007 ಎಂಬ ಮೂರು ಅಂಕಿಗಳನ್ನು ಗುಂಡಿನ ಮೇಲೆ ಬರೆದರೆ ಸಾಕಿತ್ತು, ಯಾರ ಪ್ರಾಣಕ್ಕೆ ಯಾರು ಬೆಲೆ ಕಟ್ಟಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಖಳನನ್ನು ತೋರಿಸಿದ ರೀತಿಯನ್ನು ಗಮನಿಸಿ. ಸ್ಕಾರಮಾಂಗ ಎಂಬ ಆ ಪಾತ್ರ ಮಾಡಿದವರು ಕ್ರಿಸ್ಟೋಫರ್ ಲೀ. ಡ್ರಾಕುಲಾ ಪಾತ್ರದಿಂದ ಲೋಕಪ್ರಸಿದ್ಧರಾಗಿದ್ದ ನಟ. ಅಂಥವರ ಮುಖವನ್ನೇ ಬಳಸಿಕೊಳ್ಳದೆ, ಪಿಸ್ತೂಲು ಹಿಡಿದ ಕೈಯಿಂದಲೇ ಖಳನ ಇರವನ್ನು ಸೂಚಿಸಲಾಗಿದೆ. ಇದನ್ನು ಪಠ್ಯಪುಸ್ತಕಗಳು ‘ಒಗಟಿನ ಸಂಕೇತ’ ಎನ್ನುತ್ತವೆ: ಮುಖ ನೋಡಬೇಕಾದರೆ ಟಿಕೆಟ್ ಕೊಳ್ಳಬೇಕು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು. ಆ ಕೈ ನಮಗೆ ಇಷ್ಟು ಹತ್ತಿರವಿರುವುದರಿಂದ ನಾವು, ನೋಡುಗರು, ಪಿಸ್ತೂಲಿನ ಹಿಂದೆ ನಿಂತವರಾಗುತ್ತೇವೆ. ಗುರಿ ಇಟ್ಟವನ ಜಾಗದಿಂದ ಬಾಂಡ್‌ನನ್ನು ನೋಡುತ್ತೇವೆ. ಬಹುತೇಕ ಬಾಂಡ್ ಚಿತ್ರಗಳ ಆರಂಭದಲ್ಲಿ ಪಿಸ್ತೂಲಿನ ನಳಿಗೆಯೊಳಗಿಂದ ಅವನನ್ನು ನೋಡುವ, ಅವನು ತಿರುಗಿ ನಮ್ಮತ್ತಲೇ ಗುಂಡು ಹಾರಿಸುವ ಪ್ರಸಿದ್ಧ ದೃಶ್ಯವಿದೆಯಷ್ಟೆ, ಪೋಸ್ಟರು ಅದೇ ಆಟವನ್ನು ನಿಶ್ಚಲ ಚಿತ್ರದಲ್ಲಿ ಮತ್ತೆ ಆಡುತ್ತದೆ. ಅಪಾಯದ ಎದುರಿಗೂ ಅವನ ಮುಖದಲ್ಲಿ ಗಾಬರಿಯಿಲ್ಲ. ಪುರುಷತ್ವದ ಪ್ರಾತಿನಿಧ್ಯ ಇರುವುದು ಇಲ್ಲಿ. ಸುತ್ತಲೂ ಲೋಕ ಸಿಡಿಯುತ್ತಿದ್ದರೂ ಅವನ ಉಡುಪಿನ ಇಸ್ತ್ರಿ ಕೆಡುವುದಿಲ್ಲ.

ಇನ್ನು ಸ್ತ್ರೀಯರು. ಮೂವರನ್ನೂ ಒಂದೇ ವಾಕ್ಯಕ್ಕೆ ಸಿಕ್ಕಿಸಿದ್ದರಿಂದಲೇ ನಿಮ್ಮ ಬರವಣಿಗೆ ನಿಂತುಹೋಯಿತು. ಬಿಕಿನಿಯ ಇಬ್ಬರನ್ನು ಬಾಂಡ್‌ನ ಮಗ್ಗುಲಲ್ಲೇ ನಿಲ್ಲಿಸಿ, ಕಥೆಯಲ್ಲಿ ಅವರ ಕೆಲಸವೇನೆಂಬುದಕ್ಕೆ ಚಿತ್ರ ಯಾವ ಸುಳಿವನ್ನೂ ಕೊಟ್ಟಿಲ್ಲ. ಅಳತೆಕೋಲು ಇಟ್ಟು ಅವರ ಕೈಗಳೂ ಕಣ್ಣುಗಳೂ ಎತ್ತ ತಿರುಗಿವೆ ಎಂದು ಪೆನ್ಸಿಲ್ಲಿನಿಂದ ಗೆರೆ ಎಳೆದು ನೋಡಿ; ಆ ಗೆರೆಗಳೇ ನಿಮ್ಮ ಪ್ಯಾರಾ ಬರೆಸುತ್ತವೆ. 1975ರಲ್ಲಿ, ಅಂದರೆ ಈ ಚಿತ್ರ ಬಿಡುಗಡೆಯಾದ ಮರುವರ್ಷ, ಲಾರಾ ಮಲ್ವೀ ಎಂಬ ಬ್ರಿಟಿಷ್ ವಿದ್ವಾಂಸೆ ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ತಮ್ಮ ಪ್ರಸಿದ್ಧ ವಾದವನ್ನು ಪ್ರಕಟಿಸಿದರು. ಈ ಇಬ್ಬರಿಗೆ ಆ ವಾದ ಯಥಾವತ್ತಾಗಿ ಹೊಂದುತ್ತದೆ.

ಆದರೆ ಕರಾಟೆಯ ಹೆಣ್ಣು ಹೊಂದುವುದಿಲ್ಲ. ಅವಳು ಮೈತುಂಬ ಬಟ್ಟೆ ಉಟ್ಟಿದ್ದಾಳೆ, ಹೊಡೆದಾಟಕ್ಕೆ ನಿಂತಿದ್ದಾಳೆ. ಚಿತ್ರದಲ್ಲಿಯೂ ಇಬ್ಬರು ಶಾಲಾ ಬಾಲಕಿಯರು ಎದುರಾಳಿಗಳನ್ನು ಮಣಿಸಿ ಬಾಂಡ್‌ನ ನೆರವಿಗೆ ಬರುವ ಪ್ರಸಂಗವಿದೆ. ಬ್ರೂಸ್ ಲೀಯ ಚಿತ್ರಗಳು 1973ರಲ್ಲಿ ಎಬ್ಬಿಸಿದ ಅಲೆಯನ್ನು ನಿರ್ಮಾಪಕರು ಕೈಬಿಡಲು ಸಿದ್ಧರಿರಲಿಲ್ಲ. ಹೀಗೆಂದು ಅವಳನ್ನು ಸ್ತ್ರೀ ಸ್ವಾತಂತ್ರ್ಯದ ಸಾಕ್ಷಿಯೆಂದು ಮೆರೆಸಬೇಡಿ. ಅವಳಿಗೆ ಸಿಕ್ಕಿರುವ ಜಾಗ ಅಂಚಿನದು, ಆಕಾರ ಕಿರಿದು. ಹೆಣ್ಣಾಗಿ ಬಲಿಷ್ಠಳಾದರೂ ‘ಪೂರ್ವದೇಶ’ವೆಂಬ ಅಲಂಕಾರದ ಒಂದು ತುಣುಕಾಗಿ ಉಳಿದಿದ್ದಾಳೆ. ಚಿತ್ರದ ಬಹುಭಾಗ ನಡೆಯುವುದು ಥಾಯ್ಲೆಂಡ್, ಹಾಂಗ್‌ಕಾಂಗ್, ಮಕಾವ್‌ಗಳಲ್ಲಿ ಎಂಬುದನ್ನೂ ಜೊತೆಗಿಟ್ಟು ನೋಡಿ. ಲಿಂಗದ ಪ್ರಶ್ನೆಯಲ್ಲಿ ಒಂದು ಉತ್ತರ, ಜನಾಂಗದ ಪ್ರಶ್ನೆಯಲ್ಲಿ ಇನ್ನೊಂದು ಉತ್ತರ ಬರುವ ಈ ಜಾಗದಲ್ಲೇ ನಿಮ್ಮ ಪ್ರಬಂಧಕ್ಕೆ ತೂಕ ಬರುತ್ತದೆ.

ವಿದ್ಯುತ್ ಸ್ಥಾವರವನ್ನು ಬಹಳ ವಿದ್ಯಾರ್ಥಿಗಳು ಹಿನ್ನೆಲೆಯೆಂದು ಬಿಟ್ಟುಬಿಡುತ್ತಾರೆ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು; ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಗಣಿ ಕಾರ್ಮಿಕರ ಹೋರಾಟವೂ ಸೇರಿ 1974ರ ಆರಂಭದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಕೊಡುವ ಪರಿಸ್ಥಿತಿ ಬಂತು. ಸೂರ್ಯನ ಬೆಳಕಿನಿಂದ ವಿದ್ಯುತ್ ತೆಗೆಯುವ ಯಂತ್ರವೊಂದಕ್ಕಾಗಿ ನಡೆಯುವ ಹೋರಾಟವೇ ಈ ಚಿತ್ರದ ಕಥೆ. ಮನೆಯಲ್ಲಿ ಮೇಣದಬತ್ತಿ ಹಚ್ಚಿ ಕುಳಿತಿದ್ದ ನೋಡುಗನಿಗೆ ಆ ಸ್ಥಾವರ ಅಲಂಕಾರವಾಗಿರಲಿಲ್ಲ.

ಪ್ರಶ್ನೆ: ಉಡುಪಿಯಲ್ಲಿ ನೆಲೆಸಿರುವ ನಿವೃತ್ತ ಅಧ್ಯಾಪಕ ನಾನು. ಡಾ. ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳ ಪೋಸ್ಟರುಗಳನ್ನು ನಾವು ಬಾಲ್ಯದಲ್ಲಿ ಬೆರಗಿನಿಂದ ನೋಡಿದವರು. ಪಾಶ್ಚಾತ್ಯ ಪೋಸ್ಟರಿಗೆ ಹಿಡಿಯುವ ಅಳತೆಯನ್ನು ಅವುಗಳಿಗೂ ಹಿಡಿಯುವುದು ನ್ಯಾಯವೇ?

ಉತ್ತರ: ಹಿಡಿಯಬಹುದು, ಆದರೆ ಒಂದು ತಿದ್ದುಪಡಿಯೊಂದಿಗೆ. ಬಾಂಡ್ ಪೋಸ್ಟರಿನಲ್ಲಿ ಪಾತ್ರ ಮೊದಲು, ನಟ ಆಮೇಲೆ. 1962ರಿಂದ 1974ರೊಳಗೆ ಮೂವರು ನಟರು ಆ ಪಾತ್ರದಲ್ಲಿ ಬಂದುಹೋದರೂ ಸಂಕೇತ ಕದಲಲಿಲ್ಲ. ನಮ್ಮಲ್ಲಿ ನಟನೇ ಸಂಕೇತ. ಸಿ.ಐ.ಡಿ. 999 ಸರಣಿಯ ಮೊದಲ ಚಿತ್ರ, ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ ಬಂದದ್ದು 1968ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಇದೇ ರಾಜ್‌ಕುಮಾರ್ ‘ಇಮ್ಮಡಿ ಪುಲಿಕೇಶಿ’ಯಾಗಿ ಕಿರೀಟ ಧರಿಸಿದ್ದರು. ಕಿರೀಟದ ಮುಖವನ್ನೇ ಸೂಟು ಮತ್ತು ಪಿಸ್ತೂಲಿನೊಂದಿಗೆ ಕಂಡ ನೋಡುಗನಿಗೆ ಅಲ್ಲಿ ಕಾಣಿಸಿದ್ದು ಒಬ್ಬ ಗೂಢಚಾರನಷ್ಟೇ ಅಲ್ಲ, ಕನ್ನಡದ ನಾಯಕ ಆಧುನಿಕನಾಗುವ ಬಗೆಯೂ ಹೌದು. 999 ಎಂಬ ಸಂಖ್ಯೆ 007ನ್ನು ನೆನಪಿಸುತ್ತಲೇ ಅದಕ್ಕಿಂತ ದೊಡ್ಡದಾಗಿ ನಿಲ್ಲುತ್ತದೆ. ಇದು ಬೇಕೆಂದೇ ಮಾಡಿದ ತುಂಟತನವೆಂದು ನನ್ನ ಗುಮಾನಿ.

ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಶೀರ್ಷಿಕೆಯಲ್ಲೇ ಗೋವಾ ಬಂದದ್ದು ಗಮನಾರ್ಹ. ಪೋರ್ಚುಗೀಸರ ಆಳ್ವಿಕೆ ಮುಗಿದು ಆಗಿನ್ನೂ ಏಳೇ ವರ್ಷವಾಗಿತ್ತು; ಒಳನಾಡಿನ ಪ್ರೇಕ್ಷಕನಿಗೆ ಆ ಹೆಸರೇ ಕಡಲು, ಕಳ್ಳಸಾಗಣೆ, ಪರದೇಶದ ಗಾಳಿ ಎಲ್ಲವನ್ನೂ ಒಟ್ಟಿಗೆ ಸೂಚಿಸುತ್ತಿತ್ತು. ಮಂಗಳೂರಿನಲ್ಲಿ ಅದೇ ಹೆಸರನ್ನು ಓದುವ ಬಗೆ ಬೇರೆ. ಇಲ್ಲಿನ ಎಷ್ಟೋ ಕೊಂಕಣಿ ಮನೆತನಗಳಿಗೆ, ಗೌಡ ಸಾರಸ್ವತರಿರಲಿ ಕ್ರೈಸ್ತರಿರಲಿ, ಗೋವಾ ಎಂದರೆ ಹಿರಿಯರು ಬಿಟ್ಟುಬಂದ ಊರು. ಸಾರಸ್ವತರಲ್ಲಿ ಹಲವರ ಕುಲದೇವರು ಇಂದಿಗೂ ಅಲ್ಲಿಯೇ ಇರುವುದು. ಒಂದೇ ಸಂಕೇತವನ್ನು ಕಳಿಸಿದವನ ಅರ್ಥ ಒಂದು, ಪಡೆದವನ ಅರ್ಥ ಇನ್ನೊಂದು ಆಗಬಹುದೆಂದು ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ವಿವರಿಸಿದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮವರಿಗೆ ಬೇಕಿಲ್ಲ.

ಇದೇ ಮಾತನ್ನು ಇನ್ನೂ ಕಟುವಾಗಿ ಹೇಳಬೇಕಾದ ಜಾಗವೊಂದಿದೆ. 1960–70ರ ದಶಕಗಳ ಭಾರತೀಯ ಅಪರಾಧ ಚಿತ್ರಗಳಲ್ಲಿ ಮೊಣಕಾಲ ಮೇಲಿನ ಫ್ರಾಕು, ಕೈಯಲ್ಲಿ ಮದ್ಯದ ಗ್ಲಾಸು, ಕ್ಯಾಬರೆ ವೇದಿಕೆ ಇವೆಲ್ಲ ‘ದಾರಿ ತಪ್ಪಿದ ಹೆಣ್ಣಿ’ನ ಗುರುತುಗಳಾಗಿದ್ದವು; ಅವಳಿಗೆ, ಕಳ್ಳಸಾಗಣೆದಾರನ ಬಂಟನಿಗೆ, ಬಹಳ ಸಲ ಕ್ರೈಸ್ತ ಹೆಸರನ್ನೇ ಇಡುತ್ತಿದ್ದರು. ಪೋಸ್ಟರಿನಲ್ಲಿ ಹೆಸರು ಬೇಕಾಗಿಯೂ ಇರಲಿಲ್ಲ, ಉಡುಪೇ ಸಾಕಿತ್ತು. ಭಾನುವಾರ ಫ್ರಾಕು ತೊಟ್ಟ ಮಗಳ ಕೈಹಿಡಿದು ಇಗರ್ಜಿಗೆ ಹೋಗುವ ಮಂಗಳೂರಿನ ತಾಯಿ ಆ ಪೋಸ್ಟರಿನ ಮುಂದೆ ಹಾದುಹೋಗುವಾಗ ಏನನ್ನು ಓದಿರಬಹುದು? ಬಾಂಡ್ ಪೋಸ್ಟರಿನ ಬಿಕಿನಿಯ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ನಮ್ಮ ಗೋಡೆಗಳ ಮೇಲಿನ ಆ ಫ್ರಾಕಿನ ಬಗ್ಗೆ ಬರೆದದ್ದು ತೀರ ಕಡಿಮೆ.

ಬಣ್ಣದ ವಿಷಯದಲ್ಲಿ ಒಂದೇ ಮಾತು: ‘ಜೇಡರ ಬಲೆ’ ಕಪ್ಪು ಬಿಳುಪಿನ ಚಿತ್ರ. ಆ ಕಾಲದ ಕಪ್ಪು ಬಿಳುಪು ಚಿತ್ರಗಳ ಬಣ್ಣದ ಪೋಸ್ಟರು ನೋಡಿದಾಗ ಅಲ್ಲಿನ ಕೆಂಪು, ಹಳದಿಗಳನ್ನು ಚಿತ್ರದಿಂದ ಬಂದದ್ದೆಂದು ಭಾವಿಸದೆ, ಪ್ರಚಾರ ಕಲಾವಿದನ ಆಯ್ಕೆಯೆಂದೇ ಓದಬೇಕು.

ಪ್ರಶ್ನೆ: ಅಂತರ್ಜಾಲದಲ್ಲಿ ಒಂದೇ ಚಿತ್ರದ ಪೋಸ್ಟರು ಅಡ್ಡವಾಗಿಯೂ ಉದ್ದವಾಗಿಯೂ ಸಿಗುತ್ತದೆ. ಯಾವುದನ್ನು ಮೂಲವೆಂದು ಹಿಡಿಯಬೇಕು? — ಓದುಗರೊಬ್ಬರು, ಮಣಿಪಾಲ

ಉತ್ತರ: ಎರಡೂ ಮೂಲವಾಗಿರಬಹುದು. ಅಮೆರಿಕದ ಅಂದಿನ ‘ಒನ್ ಶೀಟ್’ 27 ಇಂಚು ಅಗಲ, 41 ಇಂಚು ಎತ್ತರದ್ದು. ಬ್ರಿಟನ್ನಿನ ‘ಕ್ವಾಡ್’ 40 ಇಂಚು ಅಗಲ, 30 ಇಂಚು ಎತ್ತರದ್ದು. ಒಂದೇ ವರ್ಣಚಿತ್ರವನ್ನು ಅಡ್ಡ ಹಾಳೆಗೆ ಒಗ್ಗಿಸುವಾಗ ಕೆಲವು ಆಕೃತಿಗಳು ಬದಿಗೆ ಸರಿಯುತ್ತವೆ, ಕೆಲವು ಕಿರಿದಾಗುತ್ತವೆ. ಯಾರು ಯಾರ ಪಕ್ಕದಲ್ಲಿದ್ದಾರೆ ಎಂಬುದನ್ನೇ ಆಧಾರವಾಗಿಟ್ಟುಕೊಂಡ ವಾದ ಒಂದು ಪ್ರತಿಗೆ ಹೊಂದಿ ಇನ್ನೊಂದಕ್ಕೆ ಹೊಂದದೆ ಹೋಗಬಹುದು. ಇತ್ತೀಚೆಗೆ ಅಲಂಕಾರಕ್ಕೆಂದು ಮಾರುವ ಮರುಮುದ್ರಣಗಳಲ್ಲಿ ಅಂಚು ಕತ್ತರಿಸಿ ಕೆಳಗಿನ ಹೆಸರುಗಳ ಪಟ್ಟಿಯನ್ನೇ ತೆಗೆದುಹಾಕಿರುವುದುಂಟು. ಆ ಪಟ್ಟಿಯಲ್ಲಿ ಯಾರ ಹೆಸರು ದೊಡ್ಡದು, ಯಾರದು ಸಣ್ಣದು ಎಂಬುದೂ ಪ್ರಾತಿನಿಧ್ಯದ ಲೆಕ್ಕಕ್ಕೆ ಸೇರುವುದರಿಂದ, ಅದು ಉಳಿದಿರುವ ಪ್ರತಿಯನ್ನೇ ಆರಿಸಿಕೊಂಡು, ಯಾವ ದೇಶದ, ಯಾವ ಅಳತೆಯ ಪೋಸ್ಟರೆಂದು ಪ್ರಬಂಧದ ಮೊದಲ ಸಾಲಿನಲ್ಲೇ ನಮೂದಿಸಿ.