ಉಂಡ ಮನೆ ಯಾರದು?

ನಮಸ್ಕಾರ.

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದೆ. ಅಮೆರಿಕದಲ್ಲಿ ಕಲಾವಿದರ ಅನುದಾನ ರದ್ದು ಮಾಡಿದ್ದರ ಬಗ್ಗೆ ನಾವು ಬರೆದ ಲೇಖನ ನಿಮಗೆ ಸಿಟ್ಟು ತರಿಸಿದೆ. ಟಿಕೆಟ್ ಕೊಂಡು ನೋಡುವವರಿಲ್ಲದ ನಾಟಕಕ್ಕೆ ತೆರಿಗೆ ದುಡ್ಡು ಯಾಕೆ, ಆ ದುಡ್ಡು ಆಸ್ಪತ್ರೆಗೆ ಹೋಗಲಿ ಎಂದಿದ್ದೀರಿ. ಸರ್ಕಾರದ ದುಡ್ಡು ತಗೊಂಡು ಸರ್ಕಾರವನ್ನೇ ಬೈಯುವುದು ಉಂಡ ಮನೆಯ ಜಂತೆ ಎಣಿಸಿದ ಹಾಗೆ ಎಂದೂ ಬರೆದಿದ್ದೀರಿ. ಕೊನೆಗೆ, ಅಧಿಕಾರದಲ್ಲಿರುವ ದೊಡ್ಡವರು ಕಲೆಯ ಕಡೆ ಮುಖ ಮಾಡಿದರೆ ನಿಮಗೇಕೆ ಬೇಸರ ಎಂದು ಕೇಳಿದ್ದೀರಿ. ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ನಿಮ್ಮ ಪತ್ರಕ್ಕೆ ನ್ಯಾಯ ಆಗುವುದಿಲ್ಲ.

ಆಸ್ಪತ್ರೆಯ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಕಲೆಗೆ ಸರ್ಕಾರದ ಅನುದಾನ ಹಂಚುವ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಸಂಸ್ಥೆಗೆ 2024ರಲ್ಲಿ ಸಿಕ್ಕಿದ್ದು ಸುಮಾರು 20 ಕೋಟಿ 70 ಲಕ್ಷ ಡಾಲರ್. ಕೇಳಲು ದೊಡ್ಡದು. ಆ ದೇಶದ ಜನಕ್ಕೆ ಹಂಚಿದರೆ ವರ್ಷಕ್ಕೆ ತಲೆಗೆ ಒಂದು ಡಾಲರ್ ಕೂಡ ಬೀಳುವುದಿಲ್ಲ. ಅಷ್ಟನ್ನೂ ತೆಗೆದು ಆಸ್ಪತ್ರೆಗಳಿಗೆ ಕೊಟ್ಟರೂ ಅಲ್ಲಿನ ಲೆಕ್ಕದಲ್ಲಿ ಅದು ಕಾಣಿಸುವುದಿಲ್ಲ. ಒಂದು ಸಣ್ಣ ನಾಟಕ ತಂಡಕ್ಕೆ ಮಾತ್ರ ಹತ್ತಿಪ್ಪತ್ತು ಸಾವಿರ ಡಾಲರ್ ಅಂದರೆ ಒಂದು ಇಡೀ ಪ್ರಯೋಗದ ಜೀವ.

ಟಿಕೆಟ್ಟಿನ ವಿಷಯ ಇಷ್ಟು ಸುಲಭವಲ್ಲ. 1966ರಲ್ಲಿ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಕಾರ್ಖಾನೆಯಲ್ಲಿ ಯಂತ್ರ ಬಂದ ಹಾಗೆಲ್ಲ ಕಮ್ಮಿ ಜನ ಜಾಸ್ತಿ ಸಾಮಾನು ತಯಾರಿಸುತ್ತಾರೆ, ಅದರಿಂದ ಕೂಲಿ ಏರುತ್ತದೆ. ಆದರೆ ಬೀಥೋವನ್ ಕಾಲದಲ್ಲಿ ನಾಲ್ಕು ಜನ ಅರ್ಧ ಗಂಟೆ ನುಡಿಸಿದ್ದನ್ನು ಇವತ್ತೂ ನಾಲ್ಕು ಜನ ಅರ್ಧ ಗಂಟೆಯೇ ನುಡಿಸಬೇಕು. ಇಬ್ಬರಿಂದ ಕಾಲು ಗಂಟೆಯಲ್ಲಿ ಮುಗಿಸಲು ಬರುವುದಿಲ್ಲ. ಆ ನಾಲ್ವರ ಮನೆ ಬಾಡಿಗೆ, ಹೊಟ್ಟೆ ಬಟ್ಟೆಯ ಖರ್ಚು ಮಾತ್ರ ಉಳಿದವರದಂತೆ ಏರುತ್ತಲೇ ಇರುತ್ತದೆ. ಟಿಕೆಟ್ ದರ ಅದೇ ವೇಗದಲ್ಲಿ ಏರಿಸಿದರೆ ಕೊನೆಗೆ ದುಡ್ಡಿದ್ದವರು ಮಾತ್ರ ನೋಡುತ್ತಾರೆ. ಏರಿಸದಿದ್ದರೆ ತಂಡ ಮುಚ್ಚುತ್ತದೆ. ಕಲಾವಿದರು ಸೋಮಾರಿಗಳು ಎಂಬ ಮಾತು ಕೇಳಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇನ್ನು ನೀವು ಹೇಳಿದ ಜಂತೆ. ಉಂಡ ಮನೆಗೆ ಕೃತಜ್ಞರಾಗಿರಬೇಕು, ಒಪ್ಪುತ್ತೇನೆ. ಆದರೆ ಆ ಮನೆ ಯಾರದು? ತೆರಿಗೆ ಕಟ್ಟಿದವರದು ಅಲ್ವಾ? ಮಂತ್ರಿಯೋ ಅಧ್ಯಕ್ಷರೋ ಅಲ್ಲಿ ಬೀಗದ ಕೈ ಇಟ್ಟುಕೊಂಡವರು, ಅಷ್ಟೇ. ಮನೆಯವರ ದುಡ್ಡಿನಿಂದ ಊಟ ಮಾಡಿದವರು ‘ಇಲ್ಲೊಂದು ಜಂತೆಗೆ ಗೆದ್ದಲು ಹಿಡಿದಿದೆ’ ಎಂದು ಹೇಳಿದರೆ ಅದು ದ್ರೋಹ ಹೇಗಾಗುತ್ತದೆ? ಹೇಳದೇ ಸುಮ್ನೆ ಎದ್ದು ಹೋದರೆ ಅದು ದ್ರೋಹ.

ಬೀಗದ ಕೈ ಹಿಡಿದವರು ಮನೆಯೇ ತಮ್ಮದೆಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾವು ಬರೆದ ಸುದ್ದಿಯೇ ಸಾಕ್ಷಿ. 2025ರ ಮೇ 2, ಶುಕ್ರವಾರ. ರಾತ್ರಿ ಹೊತ್ತಿಗೆ ಅಮೆರಿಕದ ನೂರಾರು ರಂಗತಂಡ, ಪ್ರಕಾಶನ, ಸಾಹಿತ್ಯ ಪತ್ರಿಕೆಗಳಿಗೆ ಆ ಎಂಡೋಮೆಂಟ್ ಸಂಸ್ಥೆಯಿಂದ ಇಮೇಲ್ ಬಂತು. ಮಂಜೂರಾಗಿದ್ದ ಅನುದಾನ ನಿಲ್ಲಿಸಲಾಗಿದೆ, ಇನ್ನು ಮುಂದೆ ಅಧ್ಯಕ್ಷರ ಆದ್ಯತೆಗೆ ತಕ್ಕ ಕೆಲಸಗಳಿಗೆ ಹಣ ಎಂಬುದು ಅದರ ಸಾರ. ಪೋರ್ಟ್‌ಲ್ಯಾಂಡ್‌ನ ಒಂದು ರಂಗತಂಡಕ್ಕೆ ಈ ಮೇಲ್ ತಲುಪಿದಾಗ ಅವರ ಹೊಸ ಪ್ರಯೋಗದ ಮೊದಲ ಪ್ರದರ್ಶನಕ್ಕೆ 24 ಗಂಟೆ ಬಾಕಿ ಇತ್ತು. ನಾಟಕದ ಕೆಲಸ ಮಾಡಿದವರಿಗೆ ಆ ಹೊತ್ತು ಹೇಗಿರುತ್ತದೆ ಎಂದು ಗೊತ್ತು. ಸೆಟ್ ನಿಂತಿರುತ್ತದೆ. ಬಟ್ಟೆ ಹೊಲಿದಾಗಿರುತ್ತದೆ. ತಾಲೀಮಿಗೆಂದು ನಟರು ವಾರಗಟ್ಟಲೆ ಬೇರೆ ಕೆಲಸ ಬಿಟ್ಟಿರುತ್ತಾರೆ. ಖರ್ಚೆಲ್ಲ ಆಗಿಹೋದ ಮೇಲೆ ದುಡ್ಡು ಇಲ್ಲ ಎನ್ನುವುದು ಉಳಿತಾಯವಲ್ಲ, ಮಾತು ತಪ್ಪುವುದು.

ಇದು ಒಂದೇ ಪಕ್ಷದ, ಒಬ್ಬರೇ ನಾಯಕರ ಕಾಯಿಲೆಯಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಅದೇ ಅಮೆರಿಕದ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೂ ಸಂಬಳ ಕೊಟ್ಟಿತು. ಆಗ ಯಾರಿಗೂ ಗೊತ್ತಿರದಿದ್ದ ಜಾಕ್ಸನ್ ಪೊಲಾಕ್, ಮಾರ್ಕ್ ರಾಥ್ಕೋ ಆ ಸಂಬಳದಲ್ಲಿ ಚಿತ್ರ ಬರೆದರು. ಆದರೆ ಅದೇ ಯೋಜನೆಯ ರಂಗಭೂಮಿ ವಿಭಾಗದ ನಾಟಕಗಳು ಕೆಲವು ಸಂಸದರಿಗೆ ಹಿಡಿಸಲಿಲ್ಲ. ಎಡಪಂಥದ ಪ್ರಚಾರ ಎಂಬ ಆರೋಪ ಬಂತು, 1939ರಲ್ಲಿ ಸಂಸತ್ತು ಹಣ ನಿಲ್ಲಿಸಿ ಅದನ್ನು ಮುಚ್ಚಿಸಿತು. ಐವತ್ತು ವರ್ಷದ ನಂತರ, 1989ರಲ್ಲಿ, ರಾಬರ್ಟ್ ಮ್ಯಾಪಲ್‌ಥಾರ್ಪ್ ಅವರ ಛಾಯಾಚಿತ್ರಗಳು ಅಶ್ಲೀಲ ಎಂದು ಮತ್ತೆ ಅಂಥದ್ದೇ ಗಲಾಟೆ. ಮರುವರ್ಷ ಎಂಡೋಮೆಂಟ್ ಸಂಸ್ಥೆಯ ಅನುದಾನಕ್ಕೆ ‘ಸಭ್ಯತೆ’ಯ ಷರತ್ತು ಸೇರಿತು. 1990ರ ದಶಕದ ನಡುವೆ ಹೆಚ್ಚಿನ ಕಲಾವಿದರಿಗೆ ನೇರವಾಗಿ ಕೊಡುತ್ತಿದ್ದ ಸಹಾಯವೇ ನಿಂತುಹೋಯಿತು. ಆ ಷರತ್ತಿನಿಂದ ಯಾವ ಕೃತಿಗಳು ಹುಟ್ಟದೇ ಉಳಿದವು ಎಂದು ಯಾರೂ ಹೇಳಲಾರರು. ಅರ್ಜಿ ಬರೆಯುವಾಗಲೇ ಹೆದರಿ ಕೈಬಿಟ್ಟ ಕೃತಿ ಯಾವ ಕಡತದಲ್ಲೂ ಇರುವುದಿಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಅಲ್ಲೇ.

ಹಾಗಾದರೆ ಶ್ರೀಮಂತರು ಕೊಡಲಿ ಎನ್ನಬಹುದು. ಕೊಟ್ಟಿದ್ದಾರೆ, ಒಳ್ಳೆಯ ಮನಸ್ಸಿನಿಂದ ಕೊಟ್ಟವರೂ ತುಂಬ ಇದ್ದಾರೆ. ಆದರೆ ಮ್ಯೂಸಿಯಂಗಳಿಗೆ ದೊಡ್ಡ ದೇಣಿಗೆ ಕೊಟ್ಟ ಸ್ಯಾಕ್ಲರ್ ಕುಟುಂಬದ ಕತೆ ನೋಡಿ. ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರಿದ ಕಂಪನಿ ಅವರದು. ಆ ಮಾತ್ರೆಯ ಚಟಕ್ಕೆ ಬಿದ್ದು ಎದ್ದ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ 2019ರ ಫೆಬ್ರವರಿಯಲ್ಲಿ ಸಂಗಡಿಗರ ಜೊತೆ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂಗೆ ಹೋದರು. ಸುರುಳಿಯಾಗಿ ಏರುವ ಆ ಕಟ್ಟಡದ ಮೇಲಿನಿಂದ ಔಷಧಿ ಚೀಟಿಗಳನ್ನು ಸುರಿದರು. ಸಾವಿರಾರು ಬಿಳಿ ಚೀಟಿಗಳು ತಿರುಗುತ್ತ ನೆಲಕ್ಕಿಳಿದವು. ಮುಂದಿನ ತಿಂಗಳಲ್ಲೇ ಗುಗೆನ್‌ಹೈಮ್, ಲಂಡನ್ನಿನ ಟೇಟ್ ಎರಡೂ ಆ ಕುಟುಂಬದ ಹೊಸ ದೇಣಿಗೆ ಬೇಡ ಎಂದವು. 2021ರ ಡಿಸೆಂಬರ್‌ನಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಪ್ರದರ್ಶನ ಸಭಾಂಗಣಗಳಿಂದ ಆ ಹೆಸರು ತೆಗೆಯುವುದಾಗಿ ಹೇಳಿತು. ಅಲ್ಲಿಯವರೆಗೆ ಎಷ್ಟು ವರ್ಷ ಆ ಹೆಸರು ಗೋಡೆ ಮೇಲೆ ಮರ್ಯಾದೆಯಿಂದ ಕೂತಿತ್ತು ಯೋಚಿಸಿ.

ಅಂದರೆ ದುಡ್ಡು ಯಾರದ್ದಾದರೂ, ಕೊಡುವವರಿಗೂ ಪಡೆಯುವವರಿಗೂ ನಡುವೆ ಸ್ವಲ್ಪ ದೂರ ಬೇಕು. ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಹುಟ್ಟಿದ್ದು ಈ ವಿಚಾರದಿಂದಲೇ. ಹಣ ಸರ್ಕಾರದ್ದು, ಯಾರಿಗೆ ಎಂಬ ತೀರ್ಮಾನ ಕೌನ್ಸಿಲ್‌ನದು. ಅದರ ಹಿಂದೆ ನಿಂತವರು ಅರ್ಥಶಾಸ್ತ್ರಜ್ಞ ಕೇನ್ಸ್. ಅಲ್ಲೂ ತಕರಾರು ಇಲ್ಲವೆಂದಲ್ಲ, ಲಂಡನ್ನಿಗೇ ಜಾಸ್ತಿ ಸಿಗುತ್ತದೆ ಎಂಬ ದೂರು ಹಳೆಯದು.

ನನಗೆ ಜಾಸ್ತಿ ಹಿಡಿಸಿದ್ದು ಐರ್ಲೆಂಡ್ ಮಾಡಿದ್ದು. 2022ರಲ್ಲಿ ಅವರು 2,000 ಕಲಾವಿದರಿಗೆ ವಾರಕ್ಕೆ 325 ಯೂರೊ ಕೊಡಲು ಶುರು ಮಾಡಿದರು, ಮೂರು ವರ್ಷದ ಮಟ್ಟಿಗೆ. ಇಂಥದ್ದೇ ಬರೆಯಿರಿ ಎಂಬ ಷರತ್ತಿಲ್ಲ. ಅರ್ಹರಾದವರು 8,000ಕ್ಕೂ ಹೆಚ್ಚಿದ್ದರು, ಅವರಲ್ಲಿ 2,000 ಮಂದಿಯನ್ನು ಲಾಟರಿ ಎತ್ತಿ ಆರಿಸಿದರು. ಲಾಟರಿಗೆ ಯಾರೂ ಫೋನ್ ಮಾಡಿ ‘ನಮ್ಮವನೊಬ್ಬ ಇದ್ದಾನೆ’ ಎನ್ನಲು ಆಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಇದನ್ನು ಕಾಯಂ ಮಾಡುವುದಾಗಿ ಹೇಳಿತು. ಕಳಪೆ ಕಲಾವಿದರಿಗೂ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ. ಯಾರು ಕಳಪೆ ಎಂದು ಅಧಿಕಾರಸ್ಥರು ತೀರ್ಮಾನಿಸುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ರಂಗಮಂದಿರ ಕಟ್ಟಲು, ಆರ್ಕೆಸ್ಟ್ರಾ ನಡೆಸಲು ಲಾಟರಿ ಸಾಲದು. ಅಲ್ಲಿ ಸಮಿತಿ ಬೇಕೇ ಬೇಕು.

ದೊಡ್ಡವರ ವಿಷಯ ಕೇಳಿದ್ದಿರಿ. ಅವರು ನಾಟಕಕ್ಕೆ ಬರಲಿ, ಮುಂದಿನ ಸಾಲಿನಲ್ಲಿ ಕೂರಲಿ, ನನಗೆ ನಿಜಕ್ಕೂ ಖುಷಿ. 2025ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರ್ ಎಂಬ ರಂಗಮಂದಿರದಲ್ಲಿ ಆದದ್ದು ಬೇರೆ. ಹಿಂದಿನ ಅಧ್ಯಕ್ಷರು ನೇಮಿಸಿದ್ದ ಟ್ರಸ್ಟಿಗಳನ್ನು ತೆಗೆದು, ಡೊನಾಲ್ಡ್ ಟ್ರಂಪ್ ತಾವೇ ಅದರ ಮುಖ್ಯಸ್ಥರಾದರು. ದೇಶದ ಅಧ್ಯಕ್ಷರೇ ರಂಗಮಂದಿರದ ಅಧ್ಯಕ್ಷರೂ ಆದರೆ, ಅವರನ್ನು ಪ್ರಶ್ನಿಸುವ ನಾಟಕ ಹಿಡಿದು ಬಂದವರು ಯಾರ ಬಾಗಿಲು ತಟ್ಟಬೇಕು? ನಾವು ಬರೆದದ್ದು ಈ ಪ್ರಶ್ನೆಯನ್ನು. ಬೇರೆ ಪಕ್ಷದವರು ಹೀಗೆ ಮಾಡಿದರೂ ಇದೇ ಪ್ರಶ್ನೆ ಕೇಳುತ್ತೇವೆ.

ಇನ್ನು ಮುಂದೆ ಕಲೆಗೆ ಇಷ್ಟು ಹಣ ಎಂಬ ಸುದ್ದಿ ಓದಿದಾಗ ಮೊತ್ತದ ಮೇಲೆ ಕಣ್ಣು ನಿಲ್ಲಿಸಬೇಡಿ. ಸಮಿತಿಯಲ್ಲಿ ಯಾರಿದ್ದಾರೆ, ಅವರನ್ನು ನೇಮಿಸಿದ್ದು ಯಾರು, ಎಷ್ಟು ವರ್ಷಕ್ಕೆ ಬದಲಾಗುತ್ತಾರೆ, ಪಡೆದವರ ಪಟ್ಟಿ ಎಲ್ಲರಿಗೂ ಸಿಗುತ್ತದೆಯೇ, ಇದನ್ನು ನೋಡಿ. ಸಿಕ್ಕಿದ್ದನ್ನು ನಮಗೆ ಬರೆಯಿರಿ. ನಿಮ್ಮ ಈ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಈ ಸಂಚಿಕೆಯಲ್ಲೇ ಹಾಕಿದ್ದೇವೆ. ಒಪ್ಪದವರ, ಒಪ್ಪುವವರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇವೆ.

– ಸಂಪಾದಕ